ಮೊದಲು ಕಣ್ಣು ತೋರಿಸಿ, ಆಮೇಲೆ ಹಣ ಕಟ್ಟಿ

ಸುಂಟಿಕೊಪ್ಪದ ಓದುಗರೊಬ್ಬರು ಬರೆದಿದ್ದಾರೆ: “ಮಗಳು ದ್ವಿತೀಯ ಪಿಯುಸಿ, ಪಿಸಿಎಂಬಿ. ಪೈಲಟ್ ಆಗಲೇಬೇಕೆಂಬ ಹಟ. ಕಳೆದ ತಿಂಗಳು ಮಡಿಕೇರಿಯಲ್ಲಿ ಒಂದು ಸಂಸ್ಥೆಯವರು ಸಭೆ ನಡೆಸಿದರು. ಎರಡೂವರೆ ಲಕ್ಷ ಕಟ್ಟಿದರೆ ಒಂದು ವರ್ಷದ ಏವಿಯೇಷನ್ ಡಿಪ್ಲೊಮಾ, ಆಮೇಲೆ ಏರ್‌ಪೋರ್ಟಿನಲ್ಲಿ ಕೆಲಸ ಗ್ಯಾರಂಟಿ, ಮುಂದೆ ಪೈಲಟ್ ಕೂಡ ಆಗಬಹುದು ಎಂದರು. ನಮಗಿರುವುದು ಐದು ಎಕರೆ ಕಾಫಿ ತೋಟ. ತಮ್ಮನ ಮಗ ಐಟಿಐ ಫಿಟ್ಟರ್ ಮುಗಿಸಿ ಮನೆಯಲ್ಲಿದ್ದಾನೆ. ಇಬ್ಬರಿಗೂ ದಾರಿ ಹೇಳಿ.”

ಮಾನ್ಯರೆ,

ಆ ಎರಡೂವರೆ ಲಕ್ಷವನ್ನು ಕಟ್ಟಬೇಡಿ. ಪೈಲಟ್ ಆಗಲು ಯಾವ ಡಿಪ್ಲೊಮಾವೂ ಬೇಕಿಲ್ಲ. ಬೇಕಿರುವುದು ಲೈಸೆನ್ಸ್, ಅದನ್ನು ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ಮಾತ್ರ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರುವ ನಿಮ್ಮ ಮಗಳಿಗೆ ಆ ದಾರಿಯ ಬಾಗಿಲು ಈಗಾಗಲೇ ತೆರೆದಿದೆ.

ಮೊದಲ ಹೆಜ್ಜೆ ಆರೋಗ್ಯ ಪರೀಕ್ಷೆ. ಈ ವಾರವೇ ಮಡಿಕೇರಿಯಲ್ಲಿ ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋಗಿ ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿ. ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಇಶಿಹಾರ ಪುಸ್ತಕ ಅವರಲ್ಲಿರುತ್ತದೆ, ಹತ್ತು ನಿಮಿಷದ ಕೆಲಸ. ಕನ್ನಡಕ ಇದ್ದರೆ ಗಾಬರಿ ಬೇಡ. ಅದನ್ನು ಹಾಕಿಕೊಂಡಾಗ ದೃಷ್ಟಿ ಸರಿಯಾಗಬೇಕು, ಅಷ್ಟೇ. ಬಣ್ಣದ ಕುರುಡು ಹಾಗಲ್ಲ, ಅದಕ್ಕೆ ಮದ್ದಿಲ್ಲ. ತಮಗೆ ಅದಿದೆ ಎಂಬುದೇ ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ. ಫೀಸು ಕಟ್ಟಿದ ಮೇಲೆ ತಿಳಿದರೆ ಏನೂ ಮಾಡಲಾಗದು. ಇದರಲ್ಲಿ ಪಾಸಾದರೆ ಡಿಜಿಸಿಎ ಮಾನ್ಯತೆ ಪಡೆದ ವೈದ್ಯರಲ್ಲಿ ಆರೋಗ್ಯ ಪ್ರಮಾಣಪತ್ರವಾದ ಕ್ಲಾಸ್ 2 ಮೆಡಿಕಲ್, ಅದಾದ ಮೇಲೆ ಇನ್ನೂ ಕಟ್ಟುನಿಟ್ಟಾದ ಕ್ಲಾಸ್ 1. ಕ್ಲಾಸ್ 1 ಕೈಗೆ ಬರುವವರೆಗೆ ಯಾವ ಫ್ಲೈಯಿಂಗ್ ಸ್ಕೂಲಿಗೂ ದೊಡ್ಡ ಮೊತ್ತ ಕಟ್ಟಬೇಡಿ.

ಎರಡನೆಯದು ಹೆಸರು. ಚಿಕ್ಕ ವಿಷಯವೆನಿಸಬಹುದು, ಆದರೆ ನಮ್ಮ ಕೊಡಗಿನ ಮಕ್ಕಳು ಹೆಚ್ಚು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆಹೆಸರಿನ ಒಂದು ಅಕ್ಷರ, ಆಧಾರ್‌ನಲ್ಲಿ ಪೂರ್ತಿ ಮನೆಹೆಸರು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು. ಡಿಜಿಸಿಎ ಪರೀಕ್ಷೆ ಬರೆಯಲು ಮೊದಲು ಕಂಪ್ಯೂಟರ್ ನಂಬರ್ ಎಂಬ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಎಲ್ಲ ದಾಖಲೆಗಳಲ್ಲೂ ಹೆಸರು ಒಂದೇ ರೀತಿ ಇರಬೇಕು, ಪಿಯುಸಿ ಅಂಕಪಟ್ಟಿ ಅಸಲಿ ಎಂಬುದಕ್ಕೆ ಮಂಡಳಿಯ ದೃಢೀಕರಣವೂ ಬೇಕು. ಫಲಿತಾಂಶ ಬಂದ ವಾರವೇ ಈ ಎರಡನ್ನೂ ಶುರು ಮಾಡಿ.

ಪರೀಕ್ಷೆಯ ವಿಷಯಗಳು ನ್ಯಾವಿಗೇಷನ್, ಹವಾಮಾನ, ವಿಮಾನಯಾನ ನಿಯಮಗಳು ಮತ್ತು ತಾಂತ್ರಿಕ ಪತ್ರಿಕೆಗಳು. ಪಾಸಾಗಲು ಶೇ 70 ಅಂಕ ಬೇಕು. ರೇಡಿಯೋ ಸಂಭಾಷಣೆಯ ಲೈಸೆನ್ಸ್ ಪರೀಕ್ಷೆ ಬೇರೆ. ಇವನ್ನು ಮನೆಯಲ್ಲೇ ಕೂತು ಓದಬಹುದು. ಹಾರಾಟಕ್ಕೆ ಸೇರುವ ಮೊದಲೇ ಬಹುಪಾಲು ಮುಗಿಸಿಬಿಟ್ಟರೆ ಹಾಸ್ಟೆಲ್ ಖರ್ಚೂ ಉಳಿಯುತ್ತದೆ, ಮಗಳಿಗೆ ನಿಜಕ್ಕೂ ಇದರಲ್ಲಿ ಮನಸ್ಸಿದೆಯೇ ಎಂಬುದೂ ಗೊತ್ತಾಗುತ್ತದೆ.

ಖರ್ಚಿನ ಹೊರೆ ಇರುವುದು ಹಾರಾಟದಲ್ಲಿ. ಕಮರ್ಷಿಯಲ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು, ಒಟ್ಟು 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ತಾನೇ ಹೊತ್ತು ಹಾರಿದ್ದಾಗಿರಬೇಕು; 300 ನಾಟಿಕಲ್ ಮೈಲಿಯ ಒಂದು ದೂರದ ಹಾರಾಟ, ರಾತ್ರಿ ಹಾರಾಟ, ಉಪಕರಣ ನೋಡಿಯೇ ಹಾರುವ ಗಂಟೆಗಳು ಎಲ್ಲವೂ ಸೇರಿರಬೇಕು. ಇಷ್ಟಕ್ಕೆ ಸಾಮಾನ್ಯವಾಗಿ 45 ಲಕ್ಷ ದಾಟುತ್ತದೆ. ಏರ್‌ಲೈನ್ ಸೇರಲು ಏರ್‌ಬಸ್ 320ರಂಥ ವಿಮಾನವನ್ನು ಹಾರಿಸುವ ಪ್ರತ್ಯೇಕ ಅರ್ಹತೆಯಾದ ಟೈಪ್ ರೇಟಿಂಗ್‌ಗೆ ಮತ್ತೆ ಹತ್ತು ಲಕ್ಷದ ಮೇಲೆ. ಬ್ರೋಷರಿನಲ್ಲಿ ಒಂದೂವರೆ ವರ್ಷ ಎಂದಿರುತ್ತದೆ, ಮೂರು ವರ್ಷ ಎಳೆಯುವುದೂ ಉಂಟು. ಮಳೆಗಾಲದಲ್ಲಿ ಹಾರಾಟ ನಿಲ್ಲುತ್ತದೆ, ವಿಮಾನ ರಿಪೇರಿಗೆ ನಿಲ್ಲುತ್ತದೆ, ತರಬೇತುದಾರರು ಕೆಲಸ ಬಿಟ್ಟು ಏರ್‌ಲೈನಿಗೆ ಹೋಗುತ್ತಾರೆ. ಆದ್ದರಿಂದ ರಾಯ್‌ಬರೇಲಿ ಬಳಿಯ ಕೇಂದ್ರ ಸರ್ಕಾರದ ಅಕಾಡೆಮಿಯಾಗಲಿ, ಜಕ್ಕೂರಿನ ರಾಜ್ಯ ಸರ್ಕಾರದ ಶಾಲೆಯಾಗಲಿ, ಖಾಸಗಿಯಾಗಲಿ, ನೇರ ಹೋಗಿ ಕೇಳಿ: ಇವತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು? ವಿದ್ಯಾರ್ಥಿಗಳು ಎಷ್ಟು? ಹಿಂದಿನ ಬ್ಯಾಚಿನವರಿಗೆ 200 ಗಂಟೆಗೆ ಎಷ್ಟು ತಿಂಗಳು ಹಿಡಿಯಿತು? ಉತ್ತರವನ್ನು ಅಲ್ಲಿನ ವಿದ್ಯಾರ್ಥಿಗಳಿಂದಲೂ ಪಡೆಯಿರಿ. ಹಣವನ್ನು ಒಮ್ಮೆಗೇ ಕೊಡದೆ, ಹಾರಿದ ಗಂಟೆಗೆ ತಕ್ಕಂತೆ ಕಂತಿನಲ್ಲಿ ಕಟ್ಟಿ.

ಶಿಕ್ಷಣ ಸಾಲ ಏಳೂವರೆ ಲಕ್ಷ ಮೀರಿದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತದೆ. ನಿಮ್ಮದು ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಾಗಿದ್ದು ಪಹಣಿಯಲ್ಲಿ ಕುಟುಂಬದ ಹಲವರ ಹೆಸರಿದ್ದರೆ ಅಡಮಾನದ ಕಾಗದ ತಿಂಗಳುಗಟ್ಟಲೆ ಎಳೆಯುತ್ತದೆ. ಸೀಟು ಸಿಕ್ಕ ಮೇಲೆ ಓಡಾಡುವುದಕ್ಕಿಂತ ಈಗಲೇ ವಿಚಾರಿಸಿ. ಐದು ಎಕರೆಯಷ್ಟನ್ನೂ ಒತ್ತೆ ಇಡುವುದು ಮಾತ್ರ ನಮಗೆ ಸರಿ ಕಾಣುವುದಿಲ್ಲ. ಲೈಸೆನ್ಸ್ ಸಿಕ್ಕಿದ ಮರುದಿನವೇ ಕೆಲಸ ಸಿಗುವ ಖಾತ್ರಿ ಈ ಉದ್ಯಮದಲ್ಲಿಲ್ಲ. ಕಾಯುವ ಒಂದೆರಡು ವರ್ಷವೂ ಬಡ್ಡಿ ನಿಲ್ಲುವುದಿಲ್ಲ.

ಹಾಗಾಗಿ ಖರ್ಚಿಲ್ಲದ ದಾರಿಯಾದ ವಾಯುಪಡೆಯನ್ನು ಮೊದಲು ನೋಡಿ. 1965ರ ಯುದ್ಧದಲ್ಲಿ ಸರ್ಗೋಧಾ ಮೇಲಿನ ದಾಳಿಗೆ ಹೋಗಿ ಮರಳದ, ಮಹಾವೀರ ಚಕ್ರ ಪಡೆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ನಾಡು ಇದು. ಅವರ ಕಾಲದಲ್ಲಿ ಹೆಣ್ಣುಮಕ್ಕಳಿಗಿಲ್ಲದ ಅವಕಾಶ ಇಂದು ನಿಮ್ಮ ಮಗಳಿಗಿದೆ. 2022ರಿಂದ ಹುಡುಗಿಯರೂ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ ಸೇರುತ್ತಿದ್ದಾರೆ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗೆ ಯುಪಿಎಸ್‌ಸಿ ಪರೀಕ್ಷೆ: ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600 ಅಂಕ. ಆಮೇಲೆ ಸೇನಾ ಆಯ್ಕೆ ಮಂಡಳಿಯ (ಎಸ್‌ಎಸ್‌ಬಿ) ಸಂದರ್ಶನ. ಹಾರಾಟ ವಿಭಾಗಕ್ಕೆ ಎತ್ತರ 162.5 ಸೆಂಟಿಮೀಟರ್ ಬೇಕು, ಕಂಪ್ಯೂಟರಿನ ಮೇಲೆ ನಡೆಯುವ ಪೈಲಟ್ ಆಯ್ಕೆ ಪರೀಕ್ಷೆಯೂ ಇದೆ. ಈ ಕೊನೆಯದಕ್ಕೆ ಜೀವಮಾನದಲ್ಲಿ ಒಂದೇ ಅವಕಾಶ, ಅಭ್ಯಾಸವಿಲ್ಲದೆ ಕಳಿಸಬೇಡಿ. ಇದು ತಪ್ಪಿದರೆ ಪದವಿಯ ನಂತರ ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್ ಇದೆ.

ಭೌತಶಾಸ್ತ್ರ, ಗಣಿತದೊಂದಿಗೆ ಬಿಎಸ್ಸಿ ಮಾಡಿದರೆ ವಿಮಾನ ನಿಲ್ದಾಣ ಪ್ರಾಧಿಕಾರದ ಏರ್ ಟ್ರಾಫಿಕ್ ಕಂಟ್ರೋಲ್ ಪರೀಕ್ಷೆಯನ್ನೂ 27 ವರ್ಷದೊಳಗೆ ಬರೆಯಬಹುದು. ಮೂಲ ವೇತನ 40,000 ರೂಪಾಯಿಯಿಂದ ಶುರು. ಪೈಲಟ್ ಕನಸಿನ ಗದ್ದಲದಲ್ಲಿ ಈ ಒಳ್ಳೆಯ ಸರ್ಕಾರಿ ಹುದ್ದೆಯ ಹೆಸರನ್ನೇ ನಮ್ಮ ಕಾಲೇಜುಗಳಲ್ಲಿ ಯಾರೂ ಎತ್ತುವುದಿಲ್ಲ ಎಂಬುದು ನಮ್ಮ ಬೇಸರ. ಗಗನಸಖಿ ಕೆಲಸಕ್ಕೆ ಪಿಯುಸಿ ಸಾಕು, ಆಯ್ಕೆಯಾದವರಿಗೆ ಏರ್‌ಲೈನೇ ತರಬೇತಿ ಕೊಡುತ್ತದೆ. ನಿಲ್ದಾಣದ ನೆಲದ ಕೆಲಸಗಳೂ ಹಾಗೆಯೇ. ಆದರೆ ಅವು ರಾತ್ರಿ ಪಾಳಿಯ ಕೆಲಸ. ಕಣ್ಣೂರು ವಿಮಾನ ನಿಲ್ದಾಣ ಹತ್ತಿರವೆಂದು ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ದಿನವೂ ಓಡಾಡುವ ಲೆಕ್ಕ ಮಳೆಗಾಲದಲ್ಲಿ ಕೈಕೊಡುತ್ತದೆ.

ನಿಮ್ಮ ತಮ್ಮನ ಮಗನ ವಿಷಯ. ಅವನ ಕೈಯಲ್ಲಿ ಆಗಲೇ ಕಸುಬಿದೆ. ಎಚ್‌ಎಎಲ್ ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ಇಂದೇ ನೋಂದಾಯಿಸಲಿ. ಅದು ಕಾಯಂ ಕೆಲಸವಲ್ಲ, ಆದರೆ ವಿಮಾನದ ಭಾಗ ತಯಾರಿಸುವ ಬೆಂಗಳೂರು, ಬೆಳಗಾವಿಯ ಕಾರ್ಖಾನೆಗಳಲ್ಲಿ ಆ ಅನುಭವಕ್ಕೆ ಬೆಲೆಯಿದೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯೂ 2023ರಲ್ಲಿ ಶುರುವಾಗಿದೆ.

ವಿಮಾನ ನಿರ್ವಹಣಾ ಎಂಜಿನಿಯರ್ ಕೋರ್ಸ್ ಬಗ್ಗೆಯೂ ನಿಮ್ಮ ಮಗಳು ಯೋಚಿಸಬಹುದು. ಎಂಜಿನ್ ಮತ್ತು ವಿಮಾನದ ಒಡಲಿನ ಕೆಲಸಕ್ಕೆ ಬಿ1 ಲೈಸೆನ್ಸ್, ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್‌ಗೆ ಬಿ2. ಸಂಸ್ಥೆಗೆ ತರಬೇತಿ ಸಂಸ್ಥೆಗಳಿಗಿರುವ ಡಿಜಿಸಿಎ ನಿಯಮ ಕಾರ್ 147ರ ಮಾನ್ಯತೆ ಇರಬೇಕು. ಎಷ್ಟೋ ಹುಡುಗರು ಕೋರ್ಸ್ ಮುಗಿಸಿದ ಸರ್ಟಿಫಿಕೇಟ್ ಹಿಡಿದು ಕೂತಿದ್ದಾರೆ. ಕಾರಣ, ಶೇ 75 ಅಂಕ ಬೇಕಿರುವ ಲೈಸೆನ್ಸ್ ಪರೀಕ್ಷೆಯ ಮಾಡ್ಯೂಲ್‌ಗಳು ಬಾಕಿ, ಇಲ್ಲವೇ ಬಳಕೆಯಲ್ಲಿರುವ ವಿಮಾನದ ಮೇಲೆ ಕೈಯಾರೆ ಕೆಲಸ ಮಾಡಿದ ಅನುಭವವಿಲ್ಲ. ಸೇರುವ ಮೊದಲು “ಪ್ರಾಯೋಗಿಕ ತರಬೇತಿ ಯಾರ ಹ್ಯಾಂಗರಿನಲ್ಲಿ, ಯಾವ ವಿಮಾನದ ಮೇಲೆ?” ಎಂದು ಕೇಳಿ, ಒಪ್ಪಂದದ ಪ್ರತಿ ನೋಡಿ. ತೋರಿಸದಿದ್ದರೆ ಎದ್ದು ಬನ್ನಿ.

ಸಭೆ ನಡೆಸಿದವರು ಮತ್ತೆ ಫೋನ್ ಮಾಡಿದರೆ ಒಂದೇ ಪ್ರಶ್ನೆ ಸಾಕು: ಈ ಕೋರ್ಸಿಗೆ ಡಿಜಿಸಿಎ ಮಾನ್ಯತೆಯ ಪತ್ರ ಎಲ್ಲಿದೆ? ಕೆಲಸ ಕೊಡಿಸಲು ಠೇವಣಿ ಕೇಳುವವರು ಯಾವ ಏರ್‌ಲೈನಿನ ಕಡೆಯವರೂ ಅಲ್ಲ. ಈಗಾಗಲೇ ಮುಂಗಡ ಕೊಟ್ಟಿದ್ದರೆ ರಸೀದಿಯ ಪ್ರತಿಯೊಂದಿಗೆ ಮತ್ತೆ ನಮಗೆ ಬರೆಯಿರಿ, ವಾಪಸು ಕೇಳುವ ಪತ್ರದ ನಮೂನೆ ಕಳಿಸುತ್ತೇವೆ.

— ಸಂಪಾದಕರು