ಓದುಗರು ಕೇಳ್ತಾರೆ: ಸೂಪರ್‌ಮ್ಯಾನ್ ಮಗನಿಗೆ ಬಾಯ್‌ಫ್ರೆಂಡ್ ಇದ್ರೆ ನಮಗೇನು ಕಷ್ಟ?

ಹೋದ ಸಂಚಿಕೆಯ ಕೊನೇಲಿ, ಕಾಮಿಕ್ಸ್‌ನಲ್ಲಿ ಸೂಪರ್‌ಮ್ಯಾನ್ ಮಗನಿಗೆ ಒಬ್ಬ ಬಾಯ್‌ಫ್ರೆಂಡ್ ಇದ್ದಾನೆ ಅಂತ ಒಂದೇ ಒಂದು ಲೈನ್ ಬರೆದಿದ್ದೆ. ಕರಿಮೆಣಸಿನ ರೇಟ್ ಬಿದ್ದಾಗಲೂ ಇಷ್ಟು ಮೆಸೇಜ್ ಬಂದಿರಲಿಲ್ಲ ಮಾರಾಯ್ರೆ. ಬೈದವರದ್ದನ್ನೂ ಹಾಕಿದ್ದೀನಿ, ಹೆಸರು ಮಾತ್ರ ಬಿಟ್ಟಿದ್ದೀನಿ.

ನಾವು ಓದಿದ ಸೂಪರ್‌ಮ್ಯಾನ್ ಲೋಯಿಸ್ ಲೇನ್ ಹಿಂದೆ ಸುತ್ತಿದವನು. ಅವನನ್ನೇ ಈಗ ಹೀಗೆ ಮಾಡಿಬಿಟ್ರಲ್ಲ ಸಾರ್, ಬೇಕಿದ್ರೆ ಹೊಸ ಹೀರೋ ಮಾಡ್ಕೊಳ್ಲಿ. — ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಮೇಷ್ಟ್ರೇ, ಇವನು ಅವನಲ್ಲ. ನಿಮ್ಮ ಸೂಪರ್‌ಮ್ಯಾನ್, ಅಂದ್ರೆ ಕ್ಲಾರ್ಕ್ ಕೆಂಟ್, ಇವತ್ತಿಗೂ ಲೋಯಿಸ್ ಗಂಡನೇ, ಸಂಸಾರ ಚೆನ್ನಾಗೇ ನಡೀತಿದೆ. ವಿಷಯ ಅವರ ಮಗ ಜಾನ್ ಕೆಂಟ್‌ದು. 2021ರ ಅಕ್ಟೋಬರ್ 11ಕ್ಕೆ ಡಿಸಿ ಕಂಪನಿ ಹೇಳ್ತು, ನವೆಂಬರ್ ಸಂಚಿಕೆಯಲ್ಲಿ ಅವನು ಜೇ ನಕಮುರ ಅನ್ನೋ ಪತ್ರಕರ್ತ ಹುಡುಗನಿಗೆ ಮುತ್ತು ಕೊಟ್ಟ, ಕಥೆ ಬರೆದವರು ಟಾಮ್ ಟೇಲರ್. ಅಪ್ಪನಿಗೂ ಪತ್ರಕರ್ತರೇ ಇಷ್ಟ ಆಗಿದ್ದು, ಮಗನಿಗೂ ಅಷ್ಟೇ, ಆ ಮಟ್ಟಿಗೆ ಮನೆತನದ ಪದ್ಧತಿ ಮುಂದುವರಿದಿದೆ! ಆದ್ರೆ ಪೇಪರ್‌ನೋರು ಹೆಡ್‌ಲೈನ್ ಹಾಕುವಾಗ ಮಗ ಅನ್ನೋದನ್ನ ನುಂಗಿಬಿಟ್ರು, ಅಷ್ಟು ಓದಿಯೇ ಅರ್ಧ ಜನಕ್ಕೆ ಸಿಟ್ಟು ಬಂತು, ಪುಸ್ತಕ ಬಿಡಿಸಿ ನೋಡಿದವರು ಎಷ್ಟು ಜನವೋ. 90ರ ದಶಕದ ಟಿವಿಯಲ್ಲಿ ಸೂಪರ್‌ಮ್ಯಾನ್ ಆಗಿದ್ದ ಡೀನ್ ಕೇನ್ ಕೂಡ ಬೇಜಾರಾದ್ರು, ಇದು ಎಲ್ಲರೂ ಹತ್ತಿರೋ ಬಂಡಿ, 20 ವರ್ಷದ ಹಿಂದೆ ಮಾಡಿದ್ರೆ ಧೈರ್ಯ ಅನ್ನಬಹುದಿತ್ತು ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಆ ಮಾತಲ್ಲಿ ಸ್ವಲ್ಪ ನಿಜ ಇದೆ, ಕೆಳಗಿನ ಪ್ರಶ್ನೆಗೆ ಅದೇ ಬೇಕು.

ಮೊದಲು ಒಬ್ಬನೂ ಇರ್ಲಿಲ್ಲ, ಈಗ ದಿಢೀರ್ ಅಂತ ಕಂಡ ಕಂಡ ಹೀರೋ ಎಲ್ಲ ಗೇ. ದುಡ್ಡಿಗೆ ಮಾಡೋದು ಅಂತ ಒಪ್ಕೊಳ್ಳಿ. — ಗೋಣಿಕೊಪ್ಪ

ದುಡ್ಡಿಗೆ ಅಂತ ಒಪ್ಪಿದೆ, ಕಾಮಿಕ್ಸ್ ಕಂಪನಿಯೋರು ಧರ್ಮಛತ್ರ ನಡೆಸ್ತಿಲ್ಲ. ಜೂನ್, ಅಂದ್ರೆ ಸಲಿಂಗಿಗಳ ಪ್ರೈಡ್ ತಿಂಗಳು, ಬಂತಂದ್ರೆ ಕಾಮನಬಿಲ್ಲಿನ ಕವರ್ ಹಾಕಿ ಮಾರ್ತಾರೆ. ದಿಢೀರ್ ಅನ್ನೋದನ್ನ ಮಾತ್ರ ಒಪ್ಪಲ್ಲ.

1954ರಲ್ಲಿ ಫ್ರೆಡ್ರಿಕ್ ವರ್ದಮ್ ಅಂತ ಮನೋವೈದ್ಯರು ಕಾಮಿಕ್ಸ್ ಮಕ್ಕಳನ್ನ ಹಾಳು ಮಾಡ್ತಿದೆ ಅಂತ ಒಂದು ಪುಸ್ತಕ ಬರೆದ್ರು, ಬ್ಯಾಟ್‌ಮ್ಯಾನ್ ರಾಬಿನ್ ಒಂದೇ ಮನೇಲಿರೋದು ಇಬ್ಬರು ಸಲಿಂಗಿಗಳ ಕನಸಿನ ಹಾಗಿದೆ ಅಂತ ಅದರಲ್ಲಿತ್ತು. ಅಮೆರಿಕದಲ್ಲಿ ದೊಡ್ಡ ಗಲಾಟೆ ಆಯ್ತು, ಸೆನೆಟ್‌ನಲ್ಲಿ ವಿಚಾರಣೆ ಆಯ್ತು, ಪ್ರಕಾಶಕರು ಹೆದರಿ ತಾವೇ ಕಾಮಿಕ್ಸ್ ಕೋಡ್ ಅಂತ ಒಂದು ರೂಲ್ ಬುಕ್ ಮಾಡ್ಕೊಂಡ್ರು, ಅದರ ಸೀಲ್ ಕವರ್ ಮೇಲೆ ಇಲ್ಲದಿದ್ರೆ ಅಂಗಡಿಗೆ ಹಾಕೋದೇ ಕಷ್ಟ. ಆ ಕೋಡ್ ಪ್ರಕಾರ ಇಂಥ ಪಾತ್ರದ ಸುಳಿವು ಕೂಡ ಬರೋ ಹಾಗಿಲ್ಲ. ಅದು ಸಡಿಲ ಆಗಿದ್ದು 1989ರಲ್ಲಿ. ಅಂದ್ರೆ 35 ವರ್ಷ ಕೆರೆ ತೂಬು ಮುಚ್ಚಿಟ್ಟು, ತೆಗೆದ ದಿನ ಇಷ್ಟು ನೀರು ಎಲ್ಲಿಂದ ಬಂತು ಅಂತ ಕೇಳಿದ ಹಾಗಾಯ್ತು ನಿಮ್ಮ ಪ್ರಶ್ನೆ. ವರ್ದಮ್ ತಮ್ಮ ಪುಸ್ತಕಕ್ಕೆ ಮಕ್ಕಳ ಹೇಳಿಕೆಗಳನ್ನ ತಿರುಚಿದ್ರು ಅಂತ ಕ್ಯಾರಲ್ ಟಿಲ್ಲಿ ಅನ್ನೋ ಸಂಶೋಧಕಿ ಅವರ ಕಡತಗಳನ್ನೇ ನೋಡಿ ತೋರಿಸಿದ್ರು, ಅದು ಗೊತ್ತಾಗೋ ಹೊತ್ತಿಗೆ 2012 ಆಗಿತ್ತು.

ಇದರಲ್ಲೇ ಒಂದು ತಮಾಷೆ ಇದೆ. ಬ್ಯಾಟ್‌ಮ್ಯಾನ್ ಮೇಲಿನ ಆ ಗುಮಾನಿ ಹೋಗ್ಲಿ, ಒಂದು ಹುಡುಗಿ ಪಕ್ಕಕ್ಕಿರ್ಲಿ ಅಂತ 1956ರಲ್ಲಿ ಬ್ಯಾಟ್‌ವುಮನ್‌ನ ತಂದ್ರು ಅಂತ ಕಾಮಿಕ್ಸ್ ಇತಿಹಾಸ ಬರೆದೋರು ಹೇಳ್ತಾರೆ. 2006ರಲ್ಲಿ ಅದೇ ಬ್ಯಾಟ್‌ವುಮನ್ ಲೆಸ್ಬಿಯನ್ ಆಗಿ ವಾಪಸ್ ಬಂದ್ಲು. ಡಿಸಿಯ ಎದುರಾಳಿ ಕಂಪನಿ ಮಾರ್ವೆಲ್‌ನ ನಾರ್ತ್‌ಸ್ಟಾರ್ 1979ರಿಂದ ಇದ್ದವನು, ನಾನು ಗೇ ಅಂತ ಬಾಯಿಬಿಟ್ಟು ಹೇಳಿದ್ದು 1992ರಲ್ಲಿ, ಅವನ ಮದುವೆ 2012ರಲ್ಲಿ. ದಿಢೀರ್ ಅಂದ್ರೆ ಇದಾ?

ಓದುಗರ ಎಲ್ಲ ತಕರಾರೂ ಸುಳ್ಳು ಅಂತಲ್ಲ. 1963ರಿಂದ ಇದ್ದ ಮಾರ್ವೆಲ್ ಹೀರೋ ಐಸ್‌ಮ್ಯಾನ್‌ನ 2015ರಲ್ಲಿ ಗೇ ಅಂತ ತೋರಿಸಿದಾಗ ಅವನಾಗೇ ಹೇಳಿದ್ದಲ್ಲ, ಅವನ ತಂಡದಲ್ಲೇ ಇರೋ, ಮನಸ್ಸು ಓದೋ ಶಕ್ತಿಯ ಜೀನ್ ಗ್ರೇ ಅವನ ಮನಸ್ಸಿಗೆ ಕೈ ಹಾಕಿ ಓದಿ ಹೇಳಿದ್ಲು. ಆವಾಗ ಗೇ ಓದುಗರಲ್ಲೇ ಸುಮಾರು ಜನ ರೇಗಿದ್ರು, ಒಬ್ಬನ ಗುಟ್ಟನ್ನ ಹೀಗಾ ಹೊರಗೆ ಹಾಕೋದು ಅಂತ. ನನ್ನ ಪ್ರಕಾರ ಅದು ನ್ಯಾಯವಾದ ಸಿಟ್ಟು. 2013ರಲ್ಲಿ ಬ್ಯಾಟ್‌ವುಮನ್ ತನ್ನ ಗೆಳತಿ ಮ್ಯಾಗಿಯನ್ನ ಮದುವೆ ಆಗೋಕೆ ಡಿಸಿ ಒಪ್ಪಲಿಲ್ಲ, ಇಬ್ಬರು ಲೇಖಕರು ಪುಸ್ತಕ ಬಿಟ್ಟೇ ಹೋದ್ರು. ಹೀರೋಗಳ ಸಂಸಾರ ಸುಖವಾಗಿರಬಾರದು ಅಂತ ಕಂಪನಿ ಸಮಜಾಯಿಷಿ ಕೊಡ್ತು, ನಂಬೋರು ನಂಬಬಹುದು.

ಇಂಥವರು ಹೀರೋ ಆದ್ರೆ ಶಿಸ್ತು, ಮರ್ಯಾದೆ ಎಲ್ಲಿ ಉಳೀತು? ಇದು ಜನರಲ್ ತಿಮ್ಮಯ್ಯನವರ ಊರು, ನೆನಪಿರಲಿ. — ರಿಟೈರ್ಡ್ ಸುಬೇದಾರ್, ಮೂರ್ನಾಡು

ನೆನಪಿದೆ ಸಾಹೇಬ್ರೇ, ಅದಕ್ಕೇ ನಿಮಗೆ ಅದೇ ಬ್ಯಾಟ್‌ವುಮನ್ ಕಥೆ ಹೇಳ್ತೀನಿ, ಗ್ರೆಗ್ ರುಕ ಬರೆದು ಜೆ.ಎಚ್. ವಿಲಿಯಮ್ಸ್ ಚಿತ್ರ ಬಿಡಿಸಿದ್ದು. ಬ್ಯಾಟ್‌ವುಮನ್ ಆಗೋ ಮುಂಚೆ ಕೇಟ್ ಕೇನ್ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯಲ್ಲಿ ಒಳ್ಳೆ ಕೆಡೆಟ್, ಅಪ್ಪ ಕರ್ನಲ್. ಆಗ ಅಮೆರಿಕದ ಸೈನ್ಯದಲ್ಲಿ ಗೇ ಅಂತ ಗೊತ್ತಾದ್ರೆ ಮನೆಗೆ ಕಳಿಸ್ತಿದ್ರು, ಆ ನಿಯಮ ಹೋಗಿದ್ದು 2011ರಲ್ಲಿ. ಅವಳ ಮೇಲೆ ದೂರು ಬರುತ್ತೆ, ಮೇಲಧಿಕಾರಿ ಕರೆಸ್ತಾರೆ, ಸುಳ್ಳು ಅಂದುಬಿಟ್ರೆ ಸಾಕು, ಅಧಿಕಾರಿ ಹುದ್ದೆ ಸಿಗುತ್ತೆ. ಕೆಡೆಟ್ ಆದವಳು ಸುಳ್ಳು ಹೇಳಬಾರದು ಅಂತ ನೀವೇ ಕಲಿಸಿದ್ದಲ್ವಾ ಅಂತ ಇದ್ದದ್ದನ್ನ ಇದ್ದ ಹಾಗೆ ಹೇಳಿ ಹೊರಗೆ ಬರ್ತಾಳೆ. ಮನೆಗೆ ಬಂದ್ರೆ ಕರ್ನಲ್ ಅಪ್ಪ ಬೈಯಲ್ಲ, ನಿನ್ನ ಮರ್ಯಾದೆ ಕಳ್ಕೊಳ್ಳಲಿಲ್ಲವಲ್ಲ ಅಂತ ಹೆಮ್ಮೆ ಪಡ್ತಾರೆ. ನಮ್ಮ ಸೈನ್ಯದಲ್ಲಿ ಇದಕ್ಕೆ ಅವಕಾಶ ಕೊಡೋದಿಲ್ಲ ಅಂತ 2019ರಲ್ಲಿ ಜನರಲ್ ಬಿಪಿನ್ ರಾವತ್ ಹೇಳಿದ್ದು ನಿಮಗೆ ಗೊತ್ತಿರುತ್ತೆ, ಆ ವಾದಕ್ಕೆ ನಾನು ಇಲ್ಲಿ ಇಳಿಯಲ್ಲ. ಆದ್ರೆ ಸುಳ್ಳು ಹೇಳದೆ ಯೂನಿಫಾರ್ಮ್ ಬಿಚ್ಚಿಟ್ಟ ಹುಡುಗಿಗೆ ಶಿಸ್ತಿಲ್ಲ ಅಂತ ನೀವು ಹೇಳಲ್ಲ ಅಂತ ನನಗೆ ಗ್ಯಾರಂಟಿ.

ಬಾಲಮಂಗಳದ ಡಿಂಗನನ್ನಾದ್ರೂ ಬಿಟ್ಟುಬಿಡಿ ಅಣ್ಣಾ, ಪ್ಲೀಸ್. — ಸುಂಟಿಕೊಪ್ಪ

ಡಿಂಗ ಇಲಿ. ಅವನ ಸಂಸಾರದ ವಿಷಯ ನನಗೆ ಬೇಡ.

ಇದೆಲ್ಲ ಫಾರಿನ್ ಕಸ, ನಮ್ಮಲ್ಲಿ ಇಲ್ಲ. — ನಾಪೋಕ್ಲು

ತಾನು ಗೇ ಅಂತ ಬಹಿರಂಗವಾಗೇ ಹೇಳಿದ ವಸುಧೇಂದ್ರ ಬರೆಯೋದು ಕನ್ನಡದಲ್ಲೇ, ಲಿಂಗಪರಿವರ್ತಿತೆ ಪದ್ಮಶ್ರೀ ಮಂಜಮ್ಮ ಜೋಗತಿ ನಮ್ಮ ಜಾನಪದ ಅಕಾಡೆಮಿ ಅಧ್ಯಕ್ಷರಾಗಿದ್ದವರು. ಇನ್ನೊಬ್ಬರು ನಿಮಗೆ ಎದುರು ವಾದ ಮಾಡೋಕೆ ದೇವರಪುರದ ಕುಂಡೆ ಹಬ್ಬದಲ್ಲಿ ಗಂಡಸರು ಹೆಣ್ಣು ವೇಷ ಹಾಕಲ್ವಾ ಅಂತ ಬರೆದಿದ್ದಾರೆ, ಅವರಿಗೂ ಹೇಳ್ತೀನಿ, ಅದು ಹರಕೆಯ ವೇಷ, ಅದನ್ನ ಇದಕ್ಕೆ ಸಾಕ್ಷಿ ಅಂತ ಎಳೀಬೇಡಿ.

ಮಗ 9ನೇ ಕ್ಲಾಸ್, ಮೊಬೈಲಲ್ಲಿ ಇಂಥ ಕಾಮಿಕ್ಸ್ ಓದ್ತಾನೆ. ಓದಿ ಹಾಗೇ ಆಗಿಬಿಟ್ರೆ ಅಂತ ಭಯ. — ಒಬ್ಬ ತಾಯಿ, ಕುಶಾಲನಗರ

ಅಮ್ಮಾ, ಓದಿ ಯಾರೂ ಗೇ ಆಗಲ್ಲ. ಇಷ್ಟು ವರ್ಷ ಹುಡುಗ ಹುಡುಗಿ ಪ್ರೀತಿಯ ಕಥೆಗಳನ್ನೇ ಓದಿ ಬೆಳೆದ ಗೇ ಜನ ಹಾಗಾದ್ರೆ ಎಲ್ಲಿಂದ ಬಂದ್ರು? ಕವರ್ ಮೇಲೆ ವಯಸ್ಸಿನ ಗುರುತು ಇರುತ್ತೆ, ಅದನ್ನ ನೋಡಿ, ಮುತ್ತಿಗಿಂತ ರಕ್ತ ಎಷ್ಟು ಹರಿಸಿದ್ದಾರೆ ಅಂತ ನೋಡಿ. ಕಿತ್ಕೊಂಡ್ರೆ ಏನಾಗುತ್ತೆ ಅನ್ನೋದಕ್ಕೆ ರಿಯೊ ಕಥೆ ಕೇಳಿ. 2019ರಲ್ಲಿ ಬ್ರೆಜಿಲ್‌ನ ರಿಯೊ ಪುಸ್ತಕ ಮೇಳದಲ್ಲಿ ಮಾರ್ವೆಲ್‌ನ ಇಬ್ಬರು ಹುಡುಗರು, ವಿಕ್ಕನ್ ಮತ್ತೆ ಹಲ್ಕ್‌ಲಿಂಗ್, ಬಟ್ಟೆ ಹಾಕ್ಕೊಂಡೇ ಮುತ್ತು ಕೊಡೋ ಒಂದು ಚಿತ್ರ ಇತ್ತು ಅಂತ ಮೇಯರ್ ಕ್ರಿವೆಲ್ಲ ಆ ಪುಸ್ತಕ ತೆಗೀರಿ ಅಂದ್ರು. ಪುಸ್ತಕ ಪೂರ್ತಿ ಖಾಲಿ ಆಯ್ತು, ಮುತ್ತಿನ ಚಿತ್ರ ಫೋಲ್ಯ ಪತ್ರಿಕೆಯ ಮುಖಪುಟಕ್ಕೇ ಬಂತು, ಫೆಲಿಪೆ ನೆಟೊ ಅನ್ನೋ ಯೂಟ್ಯೂಬರ್ ಇಂಥದ್ದೇ ವಿಷಯದ 14,000 ಪುಸ್ತಕ ತಗೊಂಡು ಫ್ರೀಯಾಗಿ ಹಂಚಿದ, ಕೊನೆಗೆ ಸುಪ್ರೀಂ ಕೋರ್ಟ್ ಕೂಡ ಮೇಯರ್ ಮಾತು ತಳ್ಳಿಹಾಕ್ತು. ಮಗನ ಜೊತೆ ಕೂತು ಒಂದು ಸಂಚಿಕೆ ಓದಿ, ಬೋರ್ ಆದ್ರೆ ಬೋರ್ ಅಂತ ಹೇಳಿ.

ನಮ್ಮ ಹಾಕಿ ಟೀಮಲ್ಲಿ ಇದರ ಬಗ್ಗೆ ಜೋಕ್ ಹೊಡೀತಾರೆ, ನಾನೂ ನಗ್ತೀನಿ. ನಾನೂ ಹಾಗೇ ಅಂತ ಯಾರಿಗೂ ಗೊತ್ತಿಲ್ಲ. ಮನೇಲಿ ಹುಡುಗಿ ನೋಡೋ ಮಾತು ಶುರುವಾಗಿದೆ, ಅಕ್ಕ ಒಬ್ಬಳು ಹತ್ರ. ಹೀರೋಗಳ ಹಾಗೆ ಎಲ್ಲರ ಮುಂದೆ ಹೇಳಿಬಿಡ್ಲಾ ಅಣ್ಣಾ? — ವಿರಾಜಪೇಟೆ

ಎಲ್ಲರ ಮುಂದೆ ಹೇಳೋ ಅರ್ಜೆಂಟ್ ಏನೂ ಇಲ್ಲ ತಮ್ಮಾ. ಅವರಿಗೆ ಹಾರೋಕೆ ಬರುತ್ತೆ, ನೀನು ಅದೇ ಊರಲ್ಲಿ, ಅದೇ ಟೀಮಲ್ಲಿ ಇರಬೇಕು. ನೀನು ಇರೋ ಹಾಗೆ ಇರೋದು ಅಪರಾಧ ಅಲ್ಲ, 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಸಲಿಂಗ ಮದುವೆಗೆ 2023ರಲ್ಲಿ ಒಪ್ಪಿಗೆ ಸಿಗಲಿಲ್ಲ, ಅದೂ ಗೊತ್ತಿರ್ಲಿ. ಮನಸ್ಸು ತುಂಬಾ ಭಾರ ಆದ ರಾತ್ರಿ 14416ಕ್ಕೆ ಫೋನ್ ಮಾಡು, ಸರ್ಕಾರದ ಟೆಲಿ ಮನಸ್, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಟೀಮಲ್ಲಿ ಜೋಕ್ ಬಂದಾಗ ನಗದೇ ಇದ್ರೆ ಸಾಕು, ಸದ್ಯಕ್ಕೆ ಭಾಷಣ ಬೇಡ. ಮದುವೆ ವಿಷಯ ಮಾತ್ರ ಮುಂದೂಡಬೇಡ, ಅಲ್ಲಿ ಇನ್ನೊಂದು ಮನೆ ಹುಡುಗಿಯ ಜೀವನವೂ ಇದೆ. ಹುಡುಗಿ ನೋಡೋಕೆ ಹೋಗೋ ದಿನ ಫಿಕ್ಸ್ ಆಗೋ ಮುಂಚೆ ಅಕ್ಕನ ಹತ್ರ ಕೂತು ಹೇಳು.