ದಂಡ ಹಾಕಬಹುದು, ಕೈ ಹಾಕುವಂತಿಲ್ಲ

ಪ್ರಶ್ನೆ: ಮಗ ಪ್ಲಸ್ ಟು ಓದುತ್ತಿದ್ದಾನೆ. ಕಳೆದ ವಾರ ಕುಂಬಳೆಗೆ ಟಿಕೆಟ್ ತೆಗೆದು, ನಿದ್ದೆಹೋಗಿ, ಮೊಗ್ರಾಲ್ ದಾಟಿಬಿಟ್ಟ. ಕಂಡಕ್ಟರ್ ಕಾಲರ್ ಹಿಡಿದು ಬಾಗಿಲ ಬಳಿ ಎಳೆದು ನಿಲ್ಲಿಸಿ, ಬ್ಯಾಗ್ ಕಸಿದು, ಕಾಸರಗೋಡು ಬರುವ ತನಕ ಇಳಿಯಲು ಬಿಡಲಿಲ್ಲ. ಮುಂಗೈ ತರಚಿತ್ತು. ತಪ್ಪು ನಮ್ಮದೇ ಎಂದು ಸುಮ್ಮನಿರಬೇಕೆ?
– ಒಬ್ಬ ತಾಯಿ, ಉಪ್ಪಳ

ಉತ್ತರ: ಸುಮ್ಮನಿರಬೇಡಿ. ಟಿಕೆಟಿನ ತಪ್ಪು ಬೇರೆ, ಮೈಮೇಲೆ ಕೈ ಹಾಕಿದ್ದು ಬೇರೆ. ಮೊದಲನೆಯದು ತೀರಾ ಚಿಕ್ಕದು. 1988ರ ಮೋಟಾರು ವಾಹನ ಕಾಯಿದೆಯ 178ನೇ ಕಲಮಿನಂತೆ ಸರಿಯಾದ ಟಿಕೆಟ್ ಇಲ್ಲದ ಪ್ರಯಾಣಕ್ಕೆ ಹೆಚ್ಚೆಂದರೆ 500 ರೂಪಾಯಿ ದಂಡ, ಜೈಲಿಲ್ಲ. ಕುಂಬಳೆಯಿಂದ ಮುಂದಿನ ಸ್ಟೇಜಿನ ಹಣ ಕೇಳಿ ಇನ್ನೊಂದು ಟಿಕೆಟ್ ಕೊಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹಣಕ್ಕೆ ಒತ್ತೆಯಾಗಿ ಬ್ಯಾಗನ್ನೋ ಮೊಬೈಲನ್ನೋ ಇಟ್ಟುಕೊಳ್ಳುವ ಅಧಿಕಾರವನ್ನು ಆ ಕಾಯಿದೆ ಯಾರಿಗೂ ಕೊಟ್ಟಿಲ್ಲ.

ಎಳೆದು ಗಾಯ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 115(2)ನೇ ಕಲಂ ಇದೆ: 1 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಚ್ಚಿನ ದೂರುಗಳು ಸೋಲುವುದು ಇಲ್ಲೇ. ಬರೀ ‘ಹೊಡೆದರು’ ಎಂದು ಬರೆದರೆ ಈ ಒಂದೇ ಕಲಂ ಬೀಳುತ್ತದೆ. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ಅದರ ತನಿಖೆ ಮಾಡುವಂತಿಲ್ಲ. ಇಳಿಯಲು ಬಿಡದೆ ತಡೆದದ್ದು 126(2)ಕ್ಕೆ ಬರುತ್ತದೆ, ಅದಕ್ಕೆ ನೇರವಾಗಿ ಎಫ್‌ಐಆರ್ ಆಗುತ್ತದೆ. ಆದ್ದರಿಂದ ಎಲ್ಲಿಂದ ಎಲ್ಲಿಯ ತನಕ ತಡೆದರು, ಬ್ಯಾಗ್ ಯಾರ ಕೈಯಲ್ಲಿತ್ತು, ಯಾವ ಸ್ಟಾಪಿನಲ್ಲಿ ‘ಇಳಿಯುತ್ತೇನೆ’ ಎಂದ, ಇವನ್ನೆಲ್ಲ ಬಿಡಿಸಿ ಬರೆಯಿರಿ. ಎಫ್‌ಐಆರ್ ಪ್ರತಿ ಉಚಿತ. ಘಟನೆ ನಡೆದದ್ದು ಬೇರೆ ಠಾಣೆಯ ಗಡಿಯಲ್ಲಿ, ತಲಪಾಡಿಯಿಂದಾಚೆಗೇ ಆದರೂ, ಹತ್ತಿರದ ಠಾಣೆ ದೂರು ತೆಗೆದುಕೊಳ್ಳಲೇಬೇಕು.

ತರಚು ಗಾಯ ನಾಲ್ಕೇ ದಿನದಲ್ಲಿ ಮಾಸುತ್ತದೆ. ಇಂಥದ್ದು ನಡೆದ ದಿನವೇ ಸರಕಾರಿ ಆಸ್ಪತ್ರೆಗೆ ಹೋಗಿ, ಗಾಯ ಹೇಗಾಯಿತೆಂದು ವೈದ್ಯರಿಗೆ ಹೇಳಿ ಬರೆಸಬೇಕು. ವೂಂಡ್ ಸರ್ಟಿಫಿಕೇಟಿಗೆ ಅದೇ ಆಧಾರ. ನೀವು ಆಗ ಫೋಟೋ ತೆಗೆದಿದ್ದರೆ ಅಳಿಸದೆ ಇಟ್ಟುಕೊಳ್ಳಿ. ಬಸ್ಸಿನ ಕ್ಯಾಮೆರಾದಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂರುತ್ತದೆ, ಆ ದಿನದ ದೃಶ್ಯ ತೆಗೆದಿಡಿ ಎಂದು ಮಾಲೀಕರಿಗೂ ಠಾಣೆಗೂ ಇವತ್ತೇ ಲಿಖಿತವಾಗಿ ಕೊಡಿ. ಟಿಕೆಟ್ ಉಳಿದಿದೆಯೇ? ಶಾಖದ ಕಾಗದದ ಅಕ್ಷರ ಬೆವರಿಗೂ ಬಿಸಿಲಿಗೂ ಅಳಿಯುತ್ತದೆ, ಈಗಲೇ ಫೋಟೋ ತೆಗೆಯಿರಿ. ದಿನಾಂಕ, ಹೊತ್ತು, ಹತ್ತಿದ ಸ್ಟೇಜು ಅದರಲ್ಲೇ ಇರುತ್ತವೆ.

ಆರ್‌ಟಿಒಗೆ ಪ್ರತ್ಯೇಕ ಅರ್ಜಿ ಕೊಡಿ. ನಡತೆ ಸರಿಯಿಲ್ಲದ ಕಂಡಕ್ಟರನ್ನು ಮೋಟಾರು ವಾಹನ ಕಾಯಿದೆಯ 34ನೇ ಕಲಮಿನಡಿ 1 ವರ್ಷದವರೆಗೆ ಅನರ್ಹಗೊಳಿಸಬಹುದು. ಬಾಗಿಲಲ್ಲಿ ನಿಲ್ಲುವ ಕ್ಲೀನರನಿಗೆ ಕಂಡಕ್ಟರ್ ಲೈಸೆನ್ಸೇ ಇಲ್ಲದಿದ್ದರೆ ಟಿಕೆಟ್ ಕೇಳುವ ಹಕ್ಕೂ ಇಲ್ಲ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೇರಳದ ಕಾನೂನಿನಲ್ಲೇ ಇದೆ. ಮಗನಿಗೊಂದು ಮಾತು ಹೇಳಿ: ತಿರುಗಿ ಕೈ ಎತ್ತಬಾರದು. ಸರಕಾರಿ ನಿಗಮದ ಬಸ್ಸಾದರೆ ಕಂಡಕ್ಟರ್ ಸಾರ್ವಜನಿಕ ಸೇವಕ, ನ್ಯಾಯ ಸಂಹಿತೆಯ 132ನೇ ಕಲಮಿನಲ್ಲಿ 2 ವರ್ಷದವರೆಗೆ ಶಿಕ್ಷೆಯಿದೆ.

ಪ್ರಶ್ನೆ: ಮಂಗಳೂರಿನಿಂದ ರಾತ್ರಿ ರೈಲಿನಲ್ಲಿ ಒಬ್ಬಳೇ ಬರುತ್ತಿದ್ದೆ. ಅವಸರದಲ್ಲಿ ಟಿಕೆಟ್ ತೆಗೆದಿರಲಿಲ್ಲ. ದಂಡ ಕಟ್ಟಲು ಕೈಯಲ್ಲಿ ಹಣ ಸಾಲದಾದಾಗ ಟಿಟಿಇ ಕುಂಬಳೆಯಲ್ಲಿ ಇಳಿಸುತ್ತೇನೆ ಎಂದರು. ಇಳಿಸಬಹುದೇ?
– ಓದುಗರು, ಕಾಸರಗೋಡು

ಉತ್ತರ: ಇಳಿಸುವಂತಿಲ್ಲ. 1989ರ ರೈಲ್ವೆ ಕಾಯಿದೆಯ 139ನೇ ಕಲಂ ಹಣ ಕೊಡದವರನ್ನು ಇಳಿಸಲು ಅಧಿಕಾರ ಕೊಡುತ್ತದೆ, ನಿಜ. ಆದರೆ ಜೊತೆಗೆ ಗಂಡಸರಿಲ್ಲದ ಹೆಂಗಸರನ್ನೂ ಮಕ್ಕಳನ್ನೂ ಅವರು ಹತ್ತಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದ ನಿಲ್ದಾಣದಲ್ಲಿ ಮಾತ್ರ ಇಳಿಸಬೇಕು, ಅದೂ ಹಗಲಲ್ಲಿ. ಕುಂಬಳೆ ಇವುಗಳಲ್ಲಿ ಯಾವುದೂ ಅಲ್ಲ. ಜಿಲ್ಲಾ ಕೇಂದ್ರವಾದ ಕಾಸರಗೋಡಿನಲ್ಲೂ ರಾತ್ರಿ ಇಳಿಸುವಂತಿಲ್ಲ.

ಟಿಕೆಟ್ ದರ ಮತ್ತು ಅದರ ಮೇಲೆ 250 ರೂಪಾಯಿ (ದರವೇ ಅದಕ್ಕಿಂತ ಹೆಚ್ಚಿದ್ದರೆ ಅಷ್ಟೇ ಇನ್ನೊಂದು ಪಾಲು) ಕಟ್ಟಲೇಬೇಕು. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೋಸದ ಉದ್ದೇಶವಿತ್ತೆಂದು ಕಂಡರೆ ಮಾತ್ರ 137ನೇ ಕಲಂ, 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ. ಟಿಕೆಟಿಗೆ ಸಮಯವೇ ಇಲ್ಲದಿದ್ದಾಗ ರೈಲು ಹತ್ತುವ ಮೊದಲೇ ಗಾರ್ಡಿಗೆ ಹೇಳಿ ಅನುಮತಿ ಚೀಟಿ ಪಡೆದರೆ ಆ 250 ಬೀಳುವುದಿಲ್ಲ, ದರ ಕೊಟ್ಟರೆ ಸಾಕು. ಬೆದರಿಸಿದರೆ ಅಲ್ಲಿಂದಲೇ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ಮೈಮೇಲೆ ಕೈ ಹಾಕಿದರೆ ದೂರು ರೈಲ್ವೆ ರಕ್ಷಣಾ ದಳವಾದ ಆರ್‌ಪಿಎಫ್‌ಗಲ್ಲ, ರೈಲ್ವೆ ಪೊಲೀಸ್ ಠಾಣೆಗೆ.

ಪ್ರಶ್ನೆ: ನನ್ನ ತವರು ಪುತ್ತೂರು, ಆಧಾರ್ ಬದಿಯಡ್ಕದ್ದು. ಕರ್ನಾಟಕದ ಸರಕಾರಿ ಬಸ್ಸಿನಲ್ಲಿ ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆ ಸಿಗುತ್ತದೆಯೇ?
– ಗೃಹಿಣಿ, ಬದಿಯಡ್ಕ

ಉತ್ತರ: ಇಲ್ಲ. 2023ರ ಜೂನ್ 11ರಂದು ಶುರುವಾದ ಈ ಯೋಜನೆ ಕರ್ನಾಟಕದ ನಿವಾಸಿಗಳಿಗೆ. ಬಸ್ಸಿನಲ್ಲಿ ನೋಡುವುದು ಗುರುತಿನ ಚೀಟಿಯ ವಿಳಾಸವನ್ನು, ತವರನ್ನಲ್ಲ. ನಿಮ್ಮ ಜೊತೆ ಬರುವ ಪುತ್ತೂರಿನ ಅಕ್ಕತಂಗಿಯರೂ ಶೂನ್ಯ ದರದ ಟಿಕೆಟನ್ನು ಕೇಳಿ ಪಡೆದು, ಇಳಿಯುವ ತನಕ ಕೈಯಲ್ಲೇ ಇಟ್ಟುಕೊಳ್ಳಬೇಕು.