ಕಾರ್ಬ್ಯುರೇಟರ್ ಸರದಿ ಕೊನೆಗೆ: ಎಂಜಿಬಿ ಮಾಲೀಕರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳೆಲ್ಲ ಎಂಜಿಬಿ ಕಾರಿನವು. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ, 1798 ಸಿಸಿ ಎಂಜಿನ್ನಿನ ಗಾಡಿ. ಇಂಚಿನ ಅಳತೆಯ ಸ್ಪಾನರ್ ಸೆಟ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ಟೈಮಿಂಗ್ ಲೈಟ್ (ಕಿಡಿ ಹಾರುವ ಕ್ಷಣ ತೋರಿಸುವ ದೀಪ), ಮಲ್ಟಿಮೀಟರ್ ಇದ್ದರೆ ಮನೆಯಲ್ಲೇ ಬಹುಪಾಲು ಕೆಲಸ ಸಾಗುತ್ತದೆ. ಮಿಲಿಮೀಟರ್ ಸ್ಪಾನರನ್ನು ಹೇಗೋ ಕೂರಿಸಿ ತಿರುಗಿಸಿದರೆ ನಟ್ಟಿನ ಮೂಲೆ ಸವೆಯುತ್ತದೆ, ಅಷ್ಟೇ.

ಪ್ರಶ್ನೆ: 1967ರ ಎಂಜಿಬಿ, ಎರಡು ಎಸ್‌ಯು ಕಂಪನಿಯ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ). ಐಡ್ಲಿಂಗ್ ಒಂದೇ ಸಮ ನಿಲ್ಲುವುದಿಲ್ಲ, ಸೈಲೆನ್ಸರ್‌ನಿಂದ ಕಪ್ಪು ಹೊಗೆ. ಮೂರು ಸಲ ಟ್ಯೂನ್ ಮಾಡಿದೆ, ಪ್ರತಿ ಸಲವೂ ಮೊದಲಿಗಿಂತ ಕೆಟ್ಟಿತು. ಹೊಸ ಜೋಡಿಯನ್ನೇ ಕೊಳ್ಳಲೇ?

ಉತ್ತರ: ಈಗಲೇ ಕೊಳ್ಳಬೇಡಿ. ಮೊದಲು ಟ್ಯಾಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು), ಆಮೇಲೆ ಇಗ್ನಿಷನ್ (ಕಿಡಿ ಕೊಡುವ ವ್ಯವಸ್ಥೆ), ಕೊನೆಗೆ ಕಾರ್ಬ್ಯುರೇಟರ್. ಈ ಸಾಲು ತಪ್ಪಿಸಿದರೆ ಒಂದರ ದೋಷವನ್ನು ಇನ್ನೊಂದರಲ್ಲಿ ಮುಚ್ಚುತ್ತಾ ಹೋಗುತ್ತೀರಿ. ನಿಮ್ಮ ಮೂರು ಪ್ರಯತ್ನಗಳಲ್ಲಿ ಆಗಿರುವುದೂ ಬಹುಶಃ ಅದೇ.

ಟ್ಯಾಪೆಟ್ ಸಂದು ಎಂಜಿನ್ ತಣ್ಣಗಿದ್ದಾಗ 0.015 ಇಂಚು, ಅಂದರೆ 0.38 ಮಿ.ಮೀ. ನಾಲ್ಕೂ ಪ್ಲಗ್ ಬಿಚ್ಚಿ, ನಾಲ್ಕನೇ ಗೇರಿಗೆ ಹಾಕಿ, ಕಾರನ್ನು ಮೆಲ್ಲಗೆ ತಳ್ಳಿದರೆ ಎಂಜಿನ್ ತಿರುಗುತ್ತದೆ. ಎಂಟು ವಾಲ್ವ್‌ಗಳಿಗೆ 'ಒಂಬತ್ತರ ಲೆಕ್ಕ' ಅನ್ವಯಿಸುತ್ತದೆ: ಎಂಟನೆಯದು ಪೂರ್ತಿ ತೆರೆದಿದ್ದಾಗ ಒಂದನೆಯದನ್ನು ಅಳೆಯಿರಿ, ಆರನೆಯದು ತೆರೆದಾಗ ಮೂರನೆಯದನ್ನು; ಎರಡರ ಮೊತ್ತ ಸದಾ ಒಂಬತ್ತು. ಒಂದು ಮೋಸವಿದೆ. ವಾಲ್ವ್ ತುದಿಯನ್ನು ಒತ್ತುವ ರಾಕರ್ ಮುಖ ಸವೆದು ಗುಳಿ ಬಿದ್ದಿದ್ದರೆ ಫೀಲರ್ ಗೇಜ್ ಗುಳಿಯ ಮೇಲೆ ಸೇತುವೆಯಂತೆ ಕೂರುತ್ತದೆ. ಗೇಜ್ ಸರಿ ಎನ್ನುತ್ತದೆ, ನಿಜವಾದ ಸಂದು ಅದಕ್ಕಿಂತ ಹೆಚ್ಚಿರುತ್ತದೆ. ಸರಿ ಮಾಡಿದ ಮೇಲೂ ಟಕಟಕ ಸದ್ದು ನಿಲ್ಲದಿದ್ದರೆ ಕಾರಣ ಇದೇ ಇರಬಹುದು.

ಡಿಸ್ಟ್ರಿಬ್ಯೂಟರ್ ಪಾಯಿಂಟ್ಸ್‌ನ (ಕರೆಂಟು ಕಡಿದು ಕೂಡಿಸುವ ಸಂಪರ್ಕಗಳು) ಸಂದು 0.015 ಇಂಚು, ಪ್ಲಗ್ ಸಂದು 0.025 ಇಂಚು, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಹೊತ್ತಿಕೊಳ್ಳುವ ಸಾಲು) 1-3-4-2. ಪಾಯಿಂಟ್ಸ್ ಸಂದು ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ, ಹಾಗಾಗಿ ಟೈಮಿಂಗ್ ಲೈಟ್ ಹಿಡಿಯುವುದು ಅದರ ನಂತರವೇ.

ಈಗ ಕಾರ್ಬ್ಯುರೇಟರ್. ಕಪ್ಪು ಹೊಗೆ ಎಂದಿದ್ದೀರಲ್ಲ, ಮೊದಲು ಚೋಕ್ ನೋಡಿ. ಎಸ್‌ಯುನಲ್ಲಿ ಚೋಕ್ ಎಳೆದಾಗ ಗಾಳಿ ಮುಚ್ಚುವುದಿಲ್ಲ, ಜೆಟ್ (ಪೆಟ್ರೋಲ್ ಬರುವ ಕಿರು ನಳಿಕೆ) ಕೆಳಗಿಳಿಯುತ್ತದೆ. ಕೇಬಲ್ ಬಿಗಿಯಾಗಿದ್ದು ಜೆಟ್ ಪೂರ್ತಿ ಮೇಲೆ ಬರದಿದ್ದರೆ ನೀವು ಎಷ್ಟು ತಿರುಗಿಸಿದರೂ ಪೆಟ್ರೋಲ್ ಹೆಚ್ಚಾಗಿಯೇ ಹರಿಯುತ್ತದೆ. ಚೋಕ್ ಒಳಗೆ ತಳ್ಳಿದಾಗ ಕೇಬಲ್‌ನಲ್ಲಿ ಒಂದೂವರೆ ಮಿ.ಮೀ.ನಷ್ಟು ಸಡಿಲ ಇರಲಿ. ಎರಡೂ ಜೆಟ್‌ಗಳನ್ನು ಕೆಳಗಿನಿಂದ ಬೆರಳಲ್ಲಿ ಒತ್ತಿ ಖಚಿತಪಡಿಸಿಕೊಳ್ಳಿ.

ಆಮೇಲೆ ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ನನ್ನು ಎತ್ತಿ ಬಿಡಿ. ಅದು ಸರಾಗವಾಗಿ ಇಳಿದು, ತಳದಲ್ಲಿ 'ಟಕ್' ಎಂದು ಕೂರಬೇಕು. ಸದ್ದಿಲ್ಲದಿದ್ದರೆ ಪಿಸ್ಟನ್ನಿನ ಸೂಜಿ ಜೆಟ್‌ಗೆ ಉಜ್ಜುತ್ತಿದೆ. ಜೆಟ್ ಮತ್ತೆ ನಡುವಿಗೆ ಬರುವಂತೆ ಕೂರಿಸಬೇಕು. ಮೇಲಿನ ಡ್ಯಾಂಪರ್‌ಗೆ 20 ಗ್ರೇಡಿನ ಎಂಜಿನ್ ಆಯಿಲ್ ಸಾಕು. ಅದು ಖಾಲಿಯಾಗಿದ್ದರೆ ಆಕ್ಸಲರೇಟರ್ ಒತ್ತಿದ ಕ್ಷಣ ಎಂಜಿನ್ ಮುಗ್ಗರಿಸುತ್ತದೆ.

ಎರಡು ಕಾರ್ಬ್ಯುರೇಟರ್‌ಗಳನ್ನೂ ಜೋಡಿಸುವ ಕಡ್ಡಿಯ ಕ್ಲ್ಯಾಂಪ್ ಸಡಿಲಿಸಿ. ಎರಡು ಅಡಿ ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಒಂದೊಂದಾಗಿ ಗಾಳಿ ಬಾಯಿಗೆ. ಎರಡೂ ಕಡೆ ಗಾಳಿಯ ಸುಂಯ್ ಸದ್ದು ಒಂದೇ ಆಗುವವರೆಗೆ ಐಡ್ಲಿಂಗ್ ಸ್ಕ್ರೂ ತಿರುಗಿಸಿ. ದುಬಾರಿ ಮೀಟರ್ ಇದಕ್ಕಿಂತ ಬಹಳ ಮೇಲೆಂದು ಹೇಳಲಾಗದು. ಥ್ರಾಟಲ್ ಕಡ್ಡಿಯ ತುದಿಯಲ್ಲೂ ಸದ್ದು ಕೇಳಿಸಿದರೆ ಅಲ್ಲಿ ಸವೆದು ಗಾಳಿ ಸೋರುತ್ತಿದೆ. ಅದನ್ನು ಪತ್ತೆ ಮಾಡಲು ಕ್ಲೀನರ್ ಸ್ಪ್ರೇ ಹೊಡೆಯಬೇಡಿ. ಈ ಎಂಜಿನ್ನಿನಲ್ಲಿ ಕಾದ ಎಕ್ಸಾಸ್ಟ್ ಕೊಳವೆ ಕಾರ್ಬ್ಯುರೇಟರ್‌ಗಳ ಕೆಳಗೇ ಇದೆ.

ಜೆಟ್‌ಗಳನ್ನು ಕಾರ್ಬ್ಯುರೇಟರ್ ಒಳಗಿನ ಸೇತುವೆ ಭಾಗಕ್ಕೆ ಸಮತಲವಾಗುವಷ್ಟು ಮೇಲೇರಿಸಿ, ಅಲ್ಲಿಂದ ಜೆಟ್ ಕೆಳಗಿನ ನಟ್ಟನ್ನು ಎರಡು ಪೂರ್ತಿ ಸುತ್ತು ಇಳಿಸಿ. ನಟ್ಟಿಗೆ ಆರು ಮುಖ, ಹಾಗಾಗಿ ಎರಡು ಸುತ್ತೆಂದರೆ ಹನ್ನೆರಡು ಮುಖ. ಎಂಜಿನ್ ಬಿಸಿಯಾದ ಮೇಲೆ ಒಂದು ಕಾರ್ಬ್ಯುರೇಟರ್‌ನ ಪಿಸ್ಟನ್ನನ್ನು ಪಿನ್ನಿನಿಂದ ಒಂದು ಮಿ.ಮೀ.ಗಿಂತ ಸ್ವಲ್ಪ ಕಡಿಮೆ ಎತ್ತಿ ನೋಡಿ. ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಹೆಚ್ಚು, ನಟ್ಟನ್ನು ಮೇಲಕ್ಕೆ ತಿರುಗಿಸಿ. ಎತ್ತಿದ ಕೂಡಲೇ ಕುಸಿದರೆ ಕಡಿಮೆ, ಕೆಳಕ್ಕೆ ಇಳಿಸಿ. ಕ್ಷಣ ಮಾತ್ರ ಏರಿ ಮೊದಲಿನಂತೆ ಆದರೆ ಸರಿಯಿದೆ. ಒಂದು ಸಲಕ್ಕೆ ಒಂದೇ ಮುಖ. ಎರಡು ಕಾರ್ಬ್ಯುರೇಟರ್‌ಗಳ ನಡುವೆ ನಾಲ್ಕೈದು ಮುಖಗಳ ವ್ಯತ್ಯಾಸ ಬಂದರೆ ನಿಲ್ಲಿಸಿ, ಎಲ್ಲೋ ಗಾಳಿ ಸೋರಿಕೆ ಅಥವಾ ಫ್ಲೋಟ್ (ಪೆಟ್ರೋಲ್ ಮಟ್ಟ ಕಾಯುವ ತೇಲುಬುರುಡೆ) ದೋಷ ಇದೆ. ಹೊಸ ಜೋಡಿಯ ಮಾತು ಥ್ರಾಟಲ್ ಕಡ್ಡಿ ಸವೆದಿದ್ದರೆ ಮಾತ್ರ. ಆಗಲೂ ಬುಷ್ (ಸವೆದ ಜಾಗಕ್ಕೆ ಕೂರಿಸುವ ಲೋಹದ ಬಳೆ) ಹಾಕಿಸಿದರೆ ಹಳೆಯದೇ ನಡೆಯುತ್ತದೆ.

ಪ್ರಶ್ನೆ: ಫ್ಯೂಸ್ ಮೇಲೆ 35 ಆಂಪ್ ಎಂದು ಬರೆದಿತ್ತು. ಅಂಗಡಿಯಿಂದ 35 ಆಂಪ್‌ನದನ್ನೇ ತಂದು ಹಾಕಿದೆ. ವೈರ್ ಬಿಸಿಯಾಗುತ್ತಿದೆ, ಫ್ಯೂಸ್ ಮಾತ್ರ ಹೋಗುವುದಿಲ್ಲ.

ಉತ್ತರ: ಅದನ್ನು ಇಂದೇ ತೆಗೆಯಿರಿ. ಹಳೆಯ ಲೂಕಾಸ್ ಕಂಪನಿಯ ಗಾಜಿನ ಫ್ಯೂಸ್ ಮೇಲಿನ 35 ಎಂದರೆ ಅದು ಸುಟ್ಟುಹೋಗುವ ಕರೆಂಟು. ನಿರಂತರವಾಗಿ ಹೊರಬಲ್ಲದ್ದು 17 ಆಂಪ್ ಮಾತ್ರ. ನೀವು ತಂದದ್ದು ನಿರಂತರ 35 ಆಂಪ್‌ನದು. ಅದು ಹೋಗುವ ಮೊದಲು ವೈರಿನ ಹೊದಿಕೆ ಕರಗುತ್ತದೆ. 17 ಆಂಪ್ ನಿರಂತರ, 35 ಸುಡುವ ಮಿತಿ ಎಂದು ಎರಡೂ ಬರೆದಿರುವುದನ್ನು ಕೇಳಿ ತನ್ನಿ. ಆಮೇಲೆ ವೈರ್ ಯಾಕೆ ಬಿಸಿಯಾಗುತ್ತಿದೆ ಎಂದು ಹುಡುಕಿ; ಫ್ಯೂಸ್ ಹಿಡಿಕೆಗಳ ತುಕ್ಕು, ಬುಲೆಟ್ ಕನೆಕ್ಟರ್ (ವೈರ್‌ಗಳನ್ನು ಕೂಡಿಸುವ ಸಣ್ಣ ಜೋಡಣೆ), ಬಾಡಿಗೆ ತಾಗಿ ಉಜ್ಜಿದ ಜಾಗ, ಈ ಕ್ರಮದಲ್ಲಿ.

ಪ್ರಶ್ನೆ: ಅದೇ ಕಾಲದ ಕಾರು, ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿದೆ). ಹೊಸ ರೇಡಿಯೊ ಹಾಕಬೇಕು, ಅದಕ್ಕೆ ನೆಗೆಟಿವ್ ಅರ್ತ್ ಬೇಕು. ಬ್ಯಾಟರಿ ತಿರುಗಿಸಿದರೆ ಸಾಕೇ?

ಉತ್ತರ: ಸಾಲದು. ಸೀಟಿನ ಹಿಂದಿರುವ ಎರಡು 6 ವೋಲ್ಟ್ ಬ್ಯಾಟರಿಗಳ ಸಂಪರ್ಕ ಅದಲುಬದಲು ಮಾಡಿ (ಪಾಸಿಟಿವ್ ಕಂಬ ದಪ್ಪ, ಹಾಗಾಗಿ ಕ್ಲ್ಯಾಂಪ್ ಕೂಡ ಬದಲಾಗಬೇಕು), ಇಗ್ನಿಷನ್ ಕಾಯಿಲ್‌ನ ಎರಡು ಸಣ್ಣ ವೈರ್‌ಗಳನ್ನೂ ಬದಲಿಸಿ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋಗೆ ಹೊಸ ಧ್ರುವ ಕೊಡಬೇಕು: ಅದರ ವೈರ್‌ಗಳನ್ನು ಕಳಚಿ, ಬ್ಯಾಟರಿಯ ಲೈವ್ ತುದಿಯಿಂದ ಒಂದು ವೈರ್ ತಂದು 'ಎಫ್' ಟರ್ಮಿನಲ್‌ಗೆ ಎರಡು ಮೂರು ಸಲ ಕ್ಷಣಮಾತ್ರ ತಾಗಿಸಿ. ಸಣ್ಣ ಕಿಡಿ ಹಾರುತ್ತದೆ, ಹೆದರಬೇಡಿ. ಇದನ್ನು ಎಂಜಿನ್ ಚಾಲೂ ಮಾಡುವ ಮೊದಲೇ ಮುಗಿಸಿ. ಎಲೆಕ್ಟ್ರಾನಿಕ್ ಆರ್‌ಪಿಎಂ ಮೀಟರ್ ಇದ್ದರೆ ಅದರ ಒಳಗಿನ ಸಂಪರ್ಕವೂ ಬದಲಾಗಬೇಕು, ಬದಲಿಸದೆ ಕರೆಂಟು ಕೊಟ್ಟರೆ ಅದು ಕೆಡುತ್ತದೆ. ಹೀಟರ್ ಫ್ಯಾನ್ ಉಲ್ಟಾ ತಿರುಗಿದರೆ ಎರಡು ವೈರ್ ಅದಲುಬದಲು, ಅಷ್ಟೇ.

ಪ್ರಶ್ನೆ: ಓಡುತ್ತಾ ಓಡುತ್ತಾ ನಿಂತುಬಿಡುತ್ತದೆ. ಪೆಟ್ರೋಲ್ ಪಂಪಿಗೆ ತಟ್ಟಿದರೆ ಮತ್ತೆ ಹೊರಡುತ್ತದೆ.

ಉತ್ತರ: ಎಸ್‌ಯು ಪಂಪಿನ ಒಳಗೂ ಪಾಯಿಂಟ್ಸ್ ಇವೆ, ಅವು ಸುಟ್ಟಿವೆ. ಮೊದಲು ಪಂಪಿನ ಅರ್ತ್ ವೈರ್ ಬಿಗಿ ಮಾಡಿ ನೋಡಿ, ಆಮೇಲೆ ಪಾಯಿಂಟ್ಸ್ ಬದಲಿಸಿ. ಈ ಪಂಪಿನ ಟಿಕ್ ಟಿಕ್ ಬಹಳ ಹೇಳುತ್ತದೆ. ಕೀ ತಿರುಗಿಸಿದಾಗ ಕೆಲವು ಸಲ ಹೊಡೆದು ನಿಂತರೆ ಆರೋಗ್ಯ. ನಿಲ್ಲದೆ ವೇಗವಾಗಿ ಹೊಡೆದರೆ ಟ್ಯಾಂಕ್ ಖಾಲಿ, ಎಳೆಯುವ ಕಡೆ ಗಾಳಿ ಸೋರಿಕೆ, ಇಲ್ಲವೇ ಫ್ಲೋಟ್ ಸೂಜಿ ಮುಚ್ಚದೆ ಕಾರ್ಬ್ಯುರೇಟರ್ ತುಂಬಿ ಹರಿಯುತ್ತಿದೆ.

ಪ್ರಶ್ನೆ: ಕ್ಲಚ್ ಬಿಟ್ಟಾಗ ಹಿಂದೆ 'ಟಣ್' ಎನ್ನುತ್ತದೆ. ಕಾರಿಗೆ ಕಡ್ಡಿ (ಸ್ಪೋಕ್) ಚಕ್ರಗಳಿವೆ. ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರು ಪೆಟ್ಟಿಗೆ) ಹೋಯಿತೇ?

ಉತ್ತರ: ಡಿಫರೆನ್ಷಿಯಲ್ ಬಿಚ್ಚುವ ಮೊದಲು ಹಬ್‌ನ (ಚಕ್ರ ಕೂರುವ ನಡುಭಾಗ) ಹಲ್ಲುಗಳನ್ನು ನೋಡಿ. ಗಾಡಿ ಎತ್ತಿ, ಒಬ್ಬರು ಬ್ರೇಕ್ ಒತ್ತಿರಲಿ, ನೀವು ಚಕ್ರವನ್ನು ಮುಂದಕ್ಕೂ ಹಿಂದಕ್ಕೂ ಅಲುಗಿಸಿ. ಹಬ್ ನಿಂತು ಚಕ್ರ ಆಡಿದರೆ ಹಲ್ಲುಗಳು ಸವೆದಿವೆ. ಒಳ್ಳೆಯ ಹಲ್ಲಿನ ನೆತ್ತಿ ಚಪ್ಪಟೆ, ಸವೆದದ್ದು ಗರಗಸದಂತೆ ಚೂಪು. ಹಬ್ ಮತ್ತು ಚಕ್ರ ಜೊತೆಗೇ ಬದಲಾಗಬೇಕು. ಸವೆದ ಹಬ್ಬಿಗೆ ಹೊಸ ಚಕ್ರ ಹಾಕಿದರೆ ಅದನ್ನೂ ಬೇಗ ತಿನ್ನುತ್ತದೆ. ಹಬ್ ಹಾಕುವಾಗ ಎಡ ಬಲ ತಪ್ಪಲೇಬಾರದು. ಕಾರಿನ ಎಡಗಡೆಯ ಹಬ್ಬಿಗೆ ಸಾಮಾನ್ಯ ಮರೆ (ನಟ್ಟು ತಿರುಗಿ ಕೂರುವ ಸ್ಕ್ರೂ ಸುತ್ತು), ಬಲಗಡೆಗೆ ಉಲ್ಟಾ ಮರೆ. ಅದಲುಬದಲಾದರೆ ಚಕ್ರ ಓಡುತ್ತಲೇ ತನ್ನನ್ನು ಹಿಡಿದಿರುವ ನಡುವಿನ ನಟ್ಟನ್ನು ಬಿಚ್ಚಿಕೊಳ್ಳುತ್ತದೆ. ಹಲ್ಲಿಗೂ ಮರೆಗೂ ತೆಳುವಾಗಿ ಗ್ರೀಸ್ ಸವರಿ, ತಾಮ್ರದ ಸುತ್ತಿಗೆಯಿಂದ ಬಿಗಿ ಮಾಡಿ, ಒಂದಷ್ಟು ದೂರ ಓಡಿಸಿದ ಮೇಲೆ ಮತ್ತೆ ನೋಡಿ.

ಪ್ರಶ್ನೆ: ಸ್ಟಿಯರಿಂಗ್ ದಿನೇ ದಿನೇ ಗಟ್ಟಿಯಾಗುತ್ತಿದೆ.

ಉತ್ತರ: ಟೈರಿನ ಗಾಳಿ ಸರಿಯಿದ್ದರೆ ಕಿಂಗ್‌ಪಿನ್‌ಗೆ (ಮುಂದಿನ ಚಕ್ರ ಎಡಬಲ ತಿರುಗುವ ಕಂಬ) ಗ್ರೀಸ್ ಇಲ್ಲ. ಪ್ರತಿ ಬದಿಗೆ ಗ್ರೀಸ್ ತುಂಬುವ ಮೂರು ನಿಪ್ಪಲ್, ಪ್ರತಿ 3000 ಮೈಲಿಗೆ ತುಂಬಬೇಕು. ಚಕ್ರದ ಮೇಲಿನ ಭಾರ ಇಳಿಸಿ ಗ್ರೀಸ್ ಹೊಡೆಯಿರಿ, ಇಲ್ಲದಿದ್ದರೆ ಭಾರ ಹೊತ್ತ ಮುಖಕ್ಕೆ ಅದು ತಲುಪುವುದೇ ಇಲ್ಲ. ಹಳೆಯ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಬಿಡಬೇಡಿ.

ಪ್ರಶ್ನೆ: ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡಿದು ತೂತಾಗಿದೆ. ಮೇಲೊಂದು ತಗಡು ವೆಲ್ಡ್ ಮಾಡಬಹುದೇ?

ಉತ್ತರ: ಮಾಡಬಾರದು. ಈ ಕಾರಿಗೆ ಬೇರೆ ಚಾಸಿಸ್ ಇಲ್ಲ, ತೆರೆದ ಮಾದರಿಗೆ ಮೇಲ್ಛಾವಣಿಯ ಆಸರೆಯೂ ಇಲ್ಲ. ನಡುವೆ ಮಡಚದಂತೆ ಹಿಡಿದಿರುವುದು ಸಿಲ್ ಪೆಟ್ಟಿಗೆಯೇ. ಹೊರ ಸಿಲ್, ಒಳಗೆ ಲಂಬವಾದ ತಗಡು, ತಳದಲ್ಲಿ ಇನ್ನೊಂದು ಉದ್ದ ಪಟ್ಟಿ, ಮೂರೂ ಸೇರಿ ಆ ಪೆಟ್ಟಿಗೆ. ಹೊರಗೆ ತೂತು ಕಂಡಿದ್ದರೆ ಒಳ ತಗಡು ಅದಕ್ಕಿಂತ ಮೊದಲೇ ಹೋಗಿರುವುದು ಸಾಮಾನ್ಯ.

ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆ ವೆಲ್ಡ್ ಮಾಡಿ. ಕಾರು ಸಮತಟ್ಟಾದ ನೆಲದ ಮೇಲೆ, ಭಾರ ಸಸ್ಪೆನ್ಷನ್ ಬಿಂದುಗಳ ಮೇಲೆ ಇರಲಿ. ನಡುವಿಗೆ ಜ್ಯಾಕ್ ಕೊಟ್ಟರೆ ಬಾಗಿದ ಆಕಾರದಲ್ಲೇ ಬೆಸೆದುಬಿಡುತ್ತೀರಿ. ಒಂದು ಬದಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬೇಡಿ. ಹೊರ ಸಿಲ್‌ನ ಎರಡೂ ತುದಿಗಳು ಮಡ್‌ಗಾರ್ಡ್‌ಗಳ ಹಿಂದೆ ಹೋಗುವುದರಿಂದ ಅವುಗಳ ಕೆಳಭಾಗವನ್ನೂ ಕತ್ತರಿಸಬೇಕಾಗುತ್ತದೆ. ಪೆಟ್ರೋಲ್ ಟ್ಯಾಂಕ್, ಪೈಪ್, ಬ್ಯಾಟರಿ ಹೊರಗೆ. ಹೊಸ ತಗಡುಗಳನ್ನು ಮೊದಲು ಚುಕ್ಕೆ ಚುಕ್ಕೆಯಾಗಿ ಹಿಡಿಸಿ, ಬಾಗಿಲು ತೂಗುಹಾಕಿ ಮುಚ್ಚಿ ನೋಡಿ, ಸುತ್ತಲ ಸಂದು ಒಂದೇ ಸಮ ಇದ್ದರೆ ಮಾತ್ರ ಪೂರ್ತಿ ಬೆಸುಗೆ. ಎರಡು ಮಿ.ಮೀ. ತಪ್ಪಿದ್ದರೂ ಆ ಹಂತದಲ್ಲಿ ಸರಿಪಡಿಸಬಹುದು, ಆಮೇಲೆ ಆಗದು. ಪೆಟ್ಟಿಗೆಯೊಳಗೆ ಮೇಣದಂಥ ತುಕ್ಕುನಿರೋಧಕ ಸಿಂಪಡಿಸಿ, ತಳದ ನೀರು ಹೋಗುವ ತೂತುಗಳು ಮುಚ್ಚಿಹೋಗದಂತೆ ನೋಡಿಕೊಳ್ಳಿ.